ಶಾಲಾ ಪಠ್ಯಕ್ರಮದಲ್ಲಿ ಸುಸ್ಥಿರತೆ: ಬೆಂಗಳೂರಿನ ಶಿಕ್ಷಕರೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಕರ ತರಬೇತಿಗಳಲ್ಲಿ, ಪೋಷಕರ ಸಭೆಗಳಲ್ಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಈ ವಿಷಯ ಬಂದಾಗಲೆಲ್ಲ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಎದುರಾಗುತ್ತವೆ. ತರಗತಿಯಲ್ಲಿ ಮಾಡಿ ನೋಡಿದ್ದರ ಆಧಾರದ ಮೇಲೆ ಅವುಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಉದಾಹರಣೆಗಳೆಲ್ಲ ಬೆಂಗಳೂರಿನವು, ಬೇರೆ ಊರಿನವರು ತಮ್ಮ ಕೆರೆ, ತಮ್ಮ ನಲ್ಲಿ, ತಮ್ಮ ಮರಗಳ ಹೆಸರು ಹಾಕಿಕೊಂಡು ಓದಬಹುದು.

ಸುಸ್ಥಿರತೆ ಎಂದರೆ ಪರಿಸರ ಪಾಠವೇ ಅಲ್ಲವೇ? ಹೊಸ ಹೆಸರೇಕೆ?

ಎರಡೂ ನಂಟುಳ್ಳವು, ಆದರೆ ಒಂದೇ ಅಲ್ಲ. ಮುಂದಿನ ಪೀಳಿಗೆಗಳು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಸಾಮರ್ಥ್ಯಕ್ಕೆ ಕುಂದು ತಾರದೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂದು 1987ರಲ್ಲಿ ವಿಶ್ವಸಂಸ್ಥೆಯ ಬ್ರುಂಟ್‌ಲಾಂಡ್ ಆಯೋಗ ಹೇಳಿತು. ಪರಿಸರ ಪಾಠವು ಕೆರೆ ಎಂದರೇನು, ಅದರಲ್ಲಿ ಯಾವ ಜೀವಿಗಳಿರುತ್ತವೆ ಎಂಬುದನ್ನು ತಿಳಿಸುತ್ತದೆ. ಆ ಕೆರೆಯ ನೀರನ್ನು ಯಾರು ಎಷ್ಟು ಬಳಸಿದರು, ಯಾರಿಗೆ ಉಳಿಯಲಿಲ್ಲ, ಅದರ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದವರ, ಸೊಪ್ಪು ಬೆಳೆಯುತ್ತಿದ್ದವರ ಬದುಕು ಏನಾಯಿತು ಎಂದು ಕೇಳತೊಡಗಿದಾಗ ಪಾಠವು ಸುಸ್ಥಿರತೆಯ ಕಡೆಗೆ ತಿರುಗುತ್ತದೆ. ತರಗತಿಯಲ್ಲಿ ಈ ವ್ಯಾಖ್ಯಾನವನ್ನು ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ. ಇದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಹೀಗೆಯೇ ಎಷ್ಟು ಕಾಲ ನಡೆದೀತು ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳು ಯಾವ ವಸ್ತುವನ್ನು ಕಂಡರೂ ಕೇಳುವಂತಾದರೆ ಸಾಕು.

ಇದು ಶಾಲೆಗಳಿಗೆ ಕಡ್ಡಾಯವೇ?

ಪರಿಸರ ಶಿಕ್ಷಣ ಕಡ್ಡಾಯ. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿಯೇ ಈ ನಿರ್ದೇಶನವನ್ನು ನೀಡಿತ್ತು. 2003ರಲ್ಲಿ ಅದರ ಜಾರಿಗೆ ಮತ್ತೆ ಆದೇಶಿಸಿತು. ಪರಿಸರವನ್ನು ಕಾಪಾಡುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ(ಜಿ) ವಿಧಿ ಹೇಳುತ್ತದೆ. ಆ ವಿಧಿ ಸೇರಿದ್ದು 1976ರ 42ನೆಯ ತಿದ್ದುಪಡಿಯಲ್ಲಿ. ವಿಶ್ವಸಂಸ್ಥೆಯ 2030ರ ಗುರಿಗಳಲ್ಲಿ 4.7ನೆಯದು ಸುಸ್ಥಿರ ಅಭಿವೃದ್ಧಿಗಾಗಿ ಶಿಕ್ಷಣದ ಕುರಿತಾದದ್ದು. ಇಷ್ಟೆಲ್ಲ ಇದ್ದರೂ, ಆದೇಶವನ್ನು ಓದಿ ಪಾಠ ಬದಲಾಯಿಸಿಕೊಂಡ ಶಿಕ್ಷಕರನ್ನು ನಾನಂತೂ ಕಂಡಿಲ್ಲ. ಬದಲಾಯಿಸಿಕೊಂಡವರೆಲ್ಲ ಶಾಲೆಯ ಸಂಪು ಬರಿದಾದ ದಿನ ಬದಲಾಯಿಸಿಕೊಂಡವರು.

ಪೋರ್ಷನ್ ಮುಗಿಸುವುದೇ ಕಷ್ಟವಾಗಿರುವಾಗ ಇದಕ್ಕೆ ಇನ್ನೊಂದು ಪಿರಿಯಡ್ ಎಲ್ಲಿಂದ ತರುವುದು?

ತರಬೇಕಾಗಿಲ್ಲ. ಪ್ರತ್ಯೇಕ ಪಿರಿಯಡ್ ಇಟ್ಟ ಶಾಲೆಗಳಲ್ಲಿ ಆ ಪಿರಿಯಡ್ ಡಿಸೆಂಬರಿನ ಹೊತ್ತಿಗೆ ಗಣಿತದ ರಿವಿಷನ್‌ಗೆ ಹೋಗಿರುತ್ತದೆ. ಇರುವ ಪಾಠದ ಉದಾಹರಣೆಯನ್ನು ಬದಲಾಯಿಸುವುದು ಹೆಚ್ಚು ಬಾಳಿಕೆಯ ದಾರಿ. ಸರಾಸರಿಯನ್ನು ಕಲಿಸಲು ಕ್ರಿಕೆಟ್ ಆಟಗಾರನ ರನ್ನುಗಳ ಬದಲು ಶಾಲೆಯ ಹನ್ನೆರಡು ತಿಂಗಳ ಬೆಸ್ಕಾಂ ವಿದ್ಯುತ್ ಬಿಲ್ಲನ್ನು ಇಟ್ಟುಕೊಂಡರೆ ಕಲಿಕಾ ಫಲ ಅದೇ ಉಳಿಯುತ್ತದೆ, ಸಮಯವೂ ಅಷ್ಟೇ ಹಿಡಿಯುತ್ತದೆ. ಪತ್ರ ಬರೆಯುವ ಪಾಠದಲ್ಲಿ ರಜೆ ಕೋರುವ ಅರ್ಜಿಯನ್ನೇ ವರ್ಷವರ್ಷವೂ ಬರೆಸುವ ಬದಲು, ಬಡಾವಣೆಯ ರಾಜಕಾಲುವೆಗೆ (ಮಳೆನೀರು ಹರಿಯುವ ದೊಡ್ಡ ಕಾಲುವೆಗೆ) ಕಟ್ಟಡದ ಅವಶೇಷ ಸುರಿಯುತ್ತಿರುವುದರ ಕುರಿತು ಪಾಲಿಕೆಗೆ ದೂರು ಬರೆಸಬಹುದು. ವರ್ಷದ ಆರಂಭದಲ್ಲಿ, ಹಿಂದಿನ ತರಗತಿಯ ಕಲಿಕೆಯನ್ನು ಮೆಲುಕು ಹಾಕಿಸುವ ಸೇತುಬಂಧ ನಡೆಯುತ್ತಿರುವಾಗಲೇ, ಎಲ್ಲ ವಿಷಯಗಳ ಶಿಕ್ಷಕರು ಒಂದು ಮಧ್ಯಾಹ್ನ ಕೂತು ಯಾವ ಪಾಠದ ಯಾವ ಉದಾಹರಣೆ ಬದಲಾದೀತು ಎಂದು ಗುರುತು ಹಾಕಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಎಲ್ಲಿಂದ ಆರಂಭಿಸಬೇಕು?

ನೀರಿನಿಂದ. ಈ ಊರಿನಲ್ಲಿ ಬೇರೆ ಆರಂಭ ಹುಡುಕುವ ಅಗತ್ಯವೇ ಇಲ್ಲ.

ಸೋರುವ ನಲ್ಲಿಯೊಂದರ ಕೆಳಗೆ ಹತ್ತು ನಿಮಿಷ ಬಾಟಲಿ ಇಟ್ಟು ಎಷ್ಟು ನೀರು ಸೇರಿತೆಂದು ಐದನೆಯ ತರಗತಿಯ ಮಕ್ಕಳು ಅಳೆಯಲಿ. ನೂರು ಮಿಲಿಲೀಟರ್ ಸೇರಿದ್ದರೆ ದಿನಕ್ಕೆ 14.4 ಲೀಟರ್, ವರ್ಷಕ್ಕೆ 5,256 ಲೀಟರ್ ಎಂಬುದನ್ನು ಅವರೇ ಲೆಕ್ಕ ಹಾಕುತ್ತಾರೆ. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಗೋಡೆಯ ಮೇಲೆ ಬರೆಸುವುದಕ್ಕಿಂತ ಈ ಗುಣಾಕಾರ ಮಕ್ಕಳ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಮರುದಿನವೇ ಅವರು ವಾಷರ್ ಹಾಕಿಸಿ ಎಂದು ಮುಖ್ಯ ಶಿಕ್ಷಕರ ಕೊಠಡಿಯ ಮುಂದೆ ನಿಲ್ಲುವುದನ್ನೂ ಕಂಡಿದ್ದೇನೆ.

ಇನ್ನು ಆ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ. ಕಾವೇರಿಯ ನೀರನ್ನು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳ ಪಂಪಿಂಗ್ ಕೇಂದ್ರಗಳ ಮೂಲಕ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ನಗರಕ್ಕೆ ತರಲಾಗುತ್ತದೆ. ಒಂಬತ್ತನೆಯ ತರಗತಿಯ ಕೆಲಸ ಮತ್ತು ಶಕ್ತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗದು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಕನಿಷ್ಠ 49 ಲಕ್ಷ ಜೂಲ್, ಅಂದರೆ ಸುಮಾರು 1.36 ಯೂನಿಟ್ ವಿದ್ಯುತ್ ಬೇಕು. ಪಂಪಿನ ನಷ್ಟ ಮತ್ತು ಕೊಳವೆಯ ಘರ್ಷಣೆ ಸೇರಿದರೆ ಇನ್ನೂ ಹೆಚ್ಚು. ನಲ್ಲಿ ತಿರುಗಿಸಿದಾಗ ನೀರಿನ ಜೊತೆ ವಿದ್ಯುತ್ತೂ ಹರಿಯುತ್ತದೆ ಎಂಬುದು ಆಗ ಮಾತಿನಲ್ಲಿ ಹೇಳದೆಯೇ ತಿಳಿಯುತ್ತದೆ.

ಮಳೆನೀರಿನ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಶಾಲೆಯ ಚಾವಣಿ 200 ಚದರ ಮೀಟರ್ ಇದ್ದು, ಬಿದ್ದದ್ದರಲ್ಲಿ ನೂರಕ್ಕೆ ಎಂಬತ್ತು ಪಾಲು ಹಿಡಿದರೂ ವರ್ಷಕ್ಕೆ ಒಂದೂವರೆ ಲಕ್ಷ ಲೀಟರಿಗೂ ಹೆಚ್ಚು, ಅಂದರೆ ಆರು ಸಾವಿರ ಲೀಟರಿನ ಸುಮಾರು ಇಪ್ಪತ್ತೈದು ಟ್ಯಾಂಕರ್ ನೀರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕಾದು ಕೂತ ಶಾಲೆಗಳಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ಮಕ್ಕಳಿಗಿಂತ ಮೊದಲು ಎಸ್‌ಡಿಎಂಸಿ ಸದಸ್ಯರು ಎದ್ದು ಕೂತರು. ಜಯನಗರದಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಉದ್ಯಾನದಲ್ಲಿ ಬಗೆಬಗೆಯ ವಿಧಾನಗಳನ್ನು ಕಟ್ಟಿ ತೋರಿಸಿದ್ದಾರೆ. ಒಂದು ಬೆಳಗಿನ ಭೇಟಿಗೆ ತಕ್ಕ ಜಾಗ.

ವಿಜ್ಞಾನ, ಗಣಿತ ಸರಿ. ಸಮಾಜ ವಿಜ್ಞಾನ ಮತ್ತು ಕನ್ನಡದಲ್ಲಿ ಏನು ಮಾಡಬಹುದು?

ನನ್ನ ಅಭಿಪ್ರಾಯದಲ್ಲಿ ಈ ವಿಷಯದ ನಿಜವಾದ ತವರು ಇವೇ ಎರಡು. ವಿಜ್ಞಾನದ ಪಾಠ ನೀರಿನ ಲೆಕ್ಕ ಕೊಡಬಲ್ಲದು. ಈ ಊರು ನೀರನ್ನು ಹೇಗೆ ಕಳೆದುಕೊಂಡಿತು ಎಂಬ ಕಥೆಯನ್ನು ಹೇಳಬೇಕಾದವರು ಚರಿತ್ರೆ ಮತ್ತು ಭಾಷೆಯ ಶಿಕ್ಷಕರು.

ಬೆಂಗಳೂರಿನಲ್ಲಿ ದೊಡ್ಡ ನದಿಯಿಲ್ಲ. ಊರು ಕೂತಿರುವುದು ಏಣೊಂದರ ಮೇಲೆ; ಪಶ್ಚಿಮದ ಇಳಿಜಾರಿನ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ, ಪೂರ್ವದ ನೀರು ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೂ ಸೇರುತ್ತದೆ. ಈ ಇಳಿಜಾರುಗಳಿಗೆ ಅಡ್ಡಲಾಗಿ, ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ, ಸರಣಿ ಕೆರೆಗಳನ್ನು ಹಿಂದಿನವರು ಕಟ್ಟಿದರು. ತಮ್ಮ ಶಾಲೆ ಯಾವ ಇಳಿಜಾರಿನಲ್ಲಿದೆ, ಕೈತೊಳೆದ ನೀರು ಕಡೆಗೆ ಯಾವ ನದಿಯನ್ನು ಸೇರುತ್ತದೆ ಎಂಬುದನ್ನು ನಕ್ಷೆಯಲ್ಲಿ ಹುಡುಕುವುದು ಏಳನೆಯ ತರಗತಿಗೆ ಎರಡು ಪಿರಿಯಡ್ಡಿನ ಕೆಲಸ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣವಿದ್ದು, ಕರಗದ ಆಚರಣೆಗೆಂದು ಪುಟ್ಟ ಕೊಳವೊಂದು ಮಾತ್ರ ಉಳಿದಿದೆ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ, 2024ರಲ್ಲಿ ಅದೇ ಕಾವೇರಿಯ ಐದನೆಯ ಹಂತದಿಂದ ನೀರು ಬಂತೆಂಬ ಇಸವಿಗಳನ್ನು ಸಾಲಾಗಿ ಬರೆದು, ಪ್ರತಿ ಬಾರಿಯೂ ಊರು ದಾಹ ತೀರಿಸಿಕೊಳ್ಳಲು ಎಷ್ಟು ದೂರ ಕೈಚಾಚಿತು ಎಂದು ಮಕ್ಕಳನ್ನೇ ಕೇಳಿದರೆ ಚರ್ಚೆ ತಾನಾಗಿ ಹುಟ್ಟುತ್ತದೆ.

ಕನ್ನಡ ತರಗತಿಯ ಸಂಪತ್ತು ಇನ್ನೂ ದೊಡ್ಡದು. ಏರಿ, ತೂಬು, ಕೋಡಿ, ಹೂಳು, ಅಚ್ಚುಕಟ್ಟು, ಗೋಕಟ್ಟೆ, ನೀರುಗಂಟಿ: ಈ ಪದಗಳನ್ನು ಇಂದು ನಗರದ ಮಕ್ಕಳು ಕೇಳಿಯೇ ಇರುವುದಿಲ್ಲ. ಆದರೆ ಬೊಮ್ಮಸಂದ್ರ, ಸಿಂಗಸಂದ್ರಗಳಲ್ಲಿ ದಿನವೂ ಬಸ್ಸು ಇಳಿಯುತ್ತಾರೆ. ಆ ‘ಸಂದ್ರ’ದೊಳಗೆ ‘ಸಮುದ್ರ’ವಿದೆ, ಸಮುದ್ರವೆಂದರೆ ಇಲ್ಲಿ ದೊಡ್ಡ ಕೆರೆ ಎಂದು ಹೇಳಿದಾಗ ಅವರ ಕಣ್ಣರಳುತ್ತದೆ. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಪದಗಳನ್ನೂ ಪ್ರೌಢಶಾಲೆಯವರಿಗೆ ಹೇಳಬಹುದು. ಕೆರೆ ಕಟ್ಟಿಸಿದ್ದಕ್ಕೂ, ಅದನ್ನು ಸುಸ್ಥಿತಿಯಲ್ಲಿ ಇಡುವುದಕ್ಕೂ ಭೂಮಿ ಬಿಟ್ಟುಕೊಡುವ ಏರ್ಪಾಡು ಅದು. ಕಟ್ಟಿದ ದಿನವೇ ಮುಂದಿನ ದುರಸ್ತಿಗೆ ಆದಾಯ ತೆಗೆದಿಡುವ ಬುದ್ಧಿಗೆ ಸುಸ್ಥಿರತೆ ಎಂಬ ಹೆಸರಿರಲಿಲ್ಲ, ಅಷ್ಟೇ. ಹಿತ್ತಲ ಗಿಡ ಮದ್ದಲ್ಲವೆಂಬಂತೆ ನಾವು ಮಾತ್ರ ಹಿಮಕರಡಿಯ ಚಿತ್ರಕ್ಕೆ ಬಣ್ಣ ತುಂಬಿಸುತ್ತ ಕೂತಿದ್ದೇವೆ.

ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಇದರಿಂದ ಅಂಕ ಬರುವುದೇ?

ನೇರವಾಗಿ ಅಲ್ಲ, ಆದರೆ ಪಾಠ ಅರ್ಥವಾಗುತ್ತದೆ. ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಪಾಠದಲ್ಲಿ ಸಾಬೂನು ಮತ್ತು ಮಾರ್ಜಕಗಳ ಕ್ರಿಯೆಯನ್ನು ವಿವರಿಸುವಾಗ ಬೆಳ್ಳಂದೂರು ಕೆರೆಯ ನೊರೆಯನ್ನು ಎತ್ತಿಕೊಳ್ಳಿ. ಮನೆಗಳ ಕೊಳಚೆಯಲ್ಲಿ ಬರುವ ಮಾರ್ಜಕದ ಅಣುಗಳು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುತ್ತವೆ. ಕೋಡಿಯಲ್ಲಿ ನೀರು ರಭಸದಿಂದ ಬಿದ್ದಾಗ ಗಾಳಿ ಬೆರೆತು ನೊರೆ ಏಳುತ್ತದೆ. ಗಾಳಿ ಬೀಸಿದ ದಿನ ಅದು ರಸ್ತೆಗೂ ಹಾರುತ್ತದೆ. 2017 ಮತ್ತು 2018ರಲ್ಲಿ ಅದೇ ಕೆರೆಯಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ನೀರಿಗೆ ಬೆಂಕಿ ಹತ್ತುವುದು ಹೇಗೆ ಎಂದು ಕೇಳಿದ ವಿದ್ಯಾರ್ಥಿ ಮಿಥೇನ್, ಒಣಗಿದ ಕಳೆ, ಸುರಿದ ಕಸ ಎಲ್ಲವನ್ನೂ ತಾನೇ ಹುಡುಕಿಕೊಂಡು ಬರುತ್ತಾನೆ.

ಶಾಲೆಯಲ್ಲಿ ಕಸ ವಿಂಗಡಣೆ ಕಲಿಸುತ್ತೇವೆ, ಆದರೆ ಎಲ್ಲವನ್ನೂ ಒಂದೇ ಗಾಡಿಗೆ ಸುರಿಯುತ್ತಾರೆ. ಆಗ ಮಕ್ಕಳಿಗೆ ಏನು ಹೇಳುವುದು?

ನಿಜವನ್ನೇ ಹೇಳಬೇಕು. ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡ್‌ಗಳಂಥ ನೈರ್ಮಲ್ಯ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಎಂಬ ಪದ್ಧತಿಯನ್ನು ರಾಜ್ಯ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಕಡ್ಡಾಯ ಮಾಡಿತು; ಅದು ಎಲ್ಲ ಬೀದಿಗಳಲ್ಲೂ ಒಂದೇ ಸಮನೆ ನಡೆಯುತ್ತಿಲ್ಲ. ಯಾಕೆ ನಡೆಯುತ್ತಿಲ್ಲ ಎಂಬುದನ್ನೇ ಪಾಠ ಮಾಡಿಕೊಳ್ಳಬಹುದು. ನಗರದ ಹೊರವಲಯದ ಮಾವಳ್ಳಿಪುರದ, ಮಂಡೂರಿನ ಜನರು ನಗರದ ಕಸ ತಮ್ಮ ಊರಿಗೆ ಬೇಡವೆಂದು ಹೋರಾಡಿ, 2012 ಮತ್ತು 2014ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತದ್ದನ್ನು ಪೌರನೀತಿಯ ತರಗತಿಯಲ್ಲಿ ಹೇಳಿದರೆ, ಬೆರೆಸಿದ ಕಸದ ಬೆಲೆಯನ್ನು ಯಾರು ತೆತ್ತರು ಎಂಬುದು ತಿಳಿಯುತ್ತದೆ. ಜೊತೆಗೆ ಹಸಿ ಕಸವನ್ನು ಶಾಲೆಯ ಆವರಣದಿಂದ ಹೊರಗೆ ಕಳಿಸದೆ ಗೊಬ್ಬರ ಮಾಡಿದರೆ ಗಾಡಿಯ ಹಂಗೇ ಇರುವುದಿಲ್ಲ. ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ತರಗೆಲೆ, ಮೇಲೆ ಹುಳಿ ಮಜ್ಜಿಗೆ ಅಥವಾ ಸಗಣಿ ನೀರು, ವಾರಕ್ಕೊಮ್ಮೆ ಮಗುಚುವುದು. ವಾಸನೆ ಬಂದರೆ ತರಗೆಲೆ ಕಡಿಮೆಯಾಯಿತೆಂದು ಅರ್ಥ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಸರ್ಕಾರಿ ಶಾಲೆಗಳ ತರಗತಿಯಲ್ಲಿ ಪೌರಕಾರ್ಮಿಕರ ಮಕ್ಕಳು, ಚಿಂದಿ ಆಯುವವರ ಮಕ್ಕಳು ಕೂತಿರುತ್ತಾರೆ. ‘ಕಸ ಹಾಕಿದರೆ ಕಸ ಗುಡಿಸುವ ಕೆಲಸವೇ ಸಿಗುತ್ತದೆ’ ಎಂಬಂಥ ಮಾತು ಶಿಕ್ಷಕರ ಬಾಯಿಂದ ಅರಿಯದೆ ಬಂದರೂ ಆ ಮಗು ಮತ್ತೆ ತಲೆಯೆತ್ತುವುದಿಲ್ಲ. ಅದೇ ಮಗುವಿನ ತಾಯಿಯನ್ನು ಗೌರವದಿಂದ ತರಗತಿಗೆ ಕರೆದು, ಕುರ್ಚಿ ಹಾಕಿ ಕೂರಿಸಿ, ಬೆಳಗಿನ ಜಾವದಿಂದ ಅವರ ದಿನ ಹೇಗೆ ಸಾಗುತ್ತದೆ ಎಂದು ಮಕ್ಕಳೇ ಕೇಳುವಂತೆ ಮಾಡಿದರೆ ಆ ಒಂದು ಗಂಟೆ ಹತ್ತು ಚಾರ್ಟುಗಳಿಗಿಂತ ಹೆಚ್ಚು ಕಲಿಸುತ್ತದೆ. ಆದರೆ ಕರೆಯುವ ಮೊದಲು ಮಗುವನ್ನೂ ತಾಯಿಯನ್ನೂ ಬೇರೆಯಾಗಿ ಕೇಳಬೇಕು. ನೀರಿನ ವಿಷಯದಲ್ಲೂ ಹಾಗೆಯೇ: ‘ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ನೀರು ಪೋಲಾಗುತ್ತದೆ’ ಎಂಬ ಪ್ರಶ್ನೆ, ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಲ್ಲುವ ಮನೆಯ ಮಗುವಿಗೆ ಅವಮಾನ. ಶಾಲೆಯ ನೀರನ್ನು ಅಳೆಯಿರಿ, ಮನೆಯದನ್ನು ಬಿಡಿ.

ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಇದೆಲ್ಲ ಭಾರವಲ್ಲವೇ?

ಲೆಕ್ಕಗಳು ಭಾರ, ಮರ ಭಾರವಲ್ಲ. ಪ್ರತಿ ಗುಂಪೂ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಎಲೆ, ಮೊಗ್ಗು, ಹೂ, ಕಾಯಿಗಳನ್ನು ನೋಡಿ ಚಿತ್ರ ಬರೆಯಲಿ. ಯುಗಾದಿಯ ಸುಮಾರಿಗೆ ಚಿಗುರುವ ಹೊಂಗೆ, ಮಕ್ಕಳು ಕತ್ತಿಕಾಯಿ ಮರವೆಂದು ಕರೆಯುವ ಗುಲ್‌ಮೊಹರ್, ಬೇವು, ನೇರಳೆ ಯಾವುದಾದರೂ ಆದೀತು. ದೊಡ್ಡ ತರಗತಿಯವರು ಇದೇ ಟಿಪ್ಪಣಿಗಳನ್ನು ಸೀಸನ್‌ವಾಚ್ ಎಂಬ ದೇಶವ್ಯಾಪಿ ಯೋಜನೆಗೆ ಕಳಿಸಬಹುದು. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ತರಗತಿಗಳ ಗುಂಪು ಕೆಲಸಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ನಮ್ಮ ಶಾಲೆಗೆ ಆಟದ ಮೈದಾನವೇ ಇಲ್ಲ. ಏನು ಮಾಡುವುದು?

ನಲ್ಲಿ, ಚಾವಣಿ, ಕಸದ ಬುಟ್ಟಿ, ವಿದ್ಯುತ್ ಮೀಟರ್, ಬಿಸಿಯೂಟದ ತಟ್ಟೆ ಇವೆಯಲ್ಲವೇ? ಸಾಕು. ಮರವನ್ನು ರಸ್ತೆಯಲ್ಲಿ ಹುಡುಕಿಕೊಳ್ಳಿ.

ಜೂನ್ 5ರ ಆಚರಣೆಯನ್ನು ನಿಲ್ಲಿಸಬೇಕೆ?

ನಿಲ್ಲಿಸಬೇಕಾಗಿಲ್ಲ; ಅದನ್ನೇ ಪಾಠವೆಂದು ತಿಳಿಯಬಾರದು. ನಾನು ಹಿಂದೆ ಕೆಲಸ ಮಾಡಿದ ಶಾಲೆಯೊಂದರಲ್ಲಿ ಸತತ ಮೂರು ವರ್ಷ ಒಂದೇ ಗುಂಡಿಯಲ್ಲಿ ಸಸಿ ನೆಟ್ಟು ಫೋಟೊ ತೆಗೆಸಿಕೊಂಡಿದ್ದೆವು. ನಾಲ್ಕನೆಯ ವರ್ಷ ಆರನೆಯ ತರಗತಿಯ ಹುಡುಗಿಯೊಬ್ಬಳು, ‘ಮಿಸ್, ಹಳೆಯ ಗಿಡ ಏನಾಯಿತು?’ ಎಂದು ಕೇಳಿದಳು. ಆ ವರ್ಷ ಸಸಿ ನೆಡಲಿಲ್ಲ. ನೆಟ್ಟ ಗಿಡ ಸಾಯಲು ಕಾರಣಗಳನ್ನು ಮಕ್ಕಳಿಂದಲೇ ಪಟ್ಟಿ ಮಾಡಿಸಿದೆವು. ಗುಂಡಿ ಚಿಕ್ಕದು, ಕೆಳಗೆ ಕಟ್ಟಡದ ಜಲ್ಲಿ, ಬೇಲಿಯಿಲ್ಲ, ಭಾನುವಾರ ನೀರಿಲ್ಲ. ನನಗೆ ನೆನಪಿರುವ ಅತ್ಯುತ್ತಮ ಪರಿಸರ ದಿನ ಅದು.

ಇದನ್ನು ಮೌಲ್ಯಮಾಪನ ಮಾಡುವುದು ಹೇಗೆ?

ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆ ನಡೆಯುತ್ತಿರುವಾಗಲೇ ಮಾಡುವ ಮೌಲ್ಯಮಾಪನದ) ಚಟುವಟಿಕೆಗಳಿಗೆ ಹೇಗೂ ಜಾಗವಿದೆ. ಅಲ್ಲಿ ಮಕ್ಕಳು ಅಳೆದದ್ದನ್ನು ಬರೆದಿಡುವ ಅಳತೆಯ ಪುಸ್ತಕಕ್ಕೆ ಅಂಕ ಕೊಡಿ, ಘೋಷವಾಕ್ಯಕ್ಕೆ ಬೇಡ. ಮೂರು ತಿಂಗಳು ಬಿಸಿಯೂಟದಲ್ಲಿ ಉಳಿದ ಅನ್ನವನ್ನು ತೂಗಿದ ಗುಂಪು, ‘ಉಳಿಯುವುದು ಕಡಿಮೆಯಾಗಲಿಲ್ಲ, ಪಲಾವ್ ಇದ್ದ ದಿನ ಮಾತ್ರ ಕಡಿಮೆ’ ಎಂದು ಬರೆದರೆ ಅದಕ್ಕೆ ಪೂರ್ಣಾಂಕ ಸಲ್ಲಬೇಕು. ಫಲಿತಾಂಶ ಒಳ್ಳೆಯದಿದ್ದರೆ ಮಾತ್ರ ಅಂಕವೆಂದಾದರೆ ಮಕ್ಕಳು ತಕ್ಕಡಿಯನ್ನೇ ತಿದ್ದಲು ಕಲಿಯುತ್ತಾರೆ.

ಪ್ರಾಜೆಕ್ಟ್ ಎಂದರೆ ರಾತ್ರಿ ಒಂಬತ್ತಕ್ಕೆ ಥರ್ಮಕೋಲ್ ಹುಡುಕಿಕೊಂಡು ಅಲೆಯುವುದಾಗಿದೆ. ಪೋಷಕರ ಈ ಕಷ್ಟಕ್ಕೆ ಕೊನೆಯಿಲ್ಲವೇ?

ಇದೆ, ಪೋಷಕರ ಸಭೆಯಲ್ಲಿ ನೀವೇ ಕೇಳಿದರೆ. ಪರಿಸರ ಉಳಿಸಿ ಎಂಬ ಮಾದರಿಯನ್ನು ಥರ್ಮಕೋಲಿನಲ್ಲಿ ಮಾಡಿ, ಮೌಲ್ಯಮಾಪನದ ಮರುದಿನ ಕಸಕ್ಕೆ ಹಾಕುವುದು ಆ ಪಾಠಕ್ಕೇ ಮಾಡುವ ಅಣಕ. ಹೊಸದಾಗಿ ಏನನ್ನೂ ಕೊಳ್ಳದೆ, ಶಾಲೆಯ ಸಮಯದಲ್ಲಿ, ಮಕ್ಕಳೇ ಮಾಡಬೇಕೆಂಬ ನಿಯಮವನ್ನು ಅಂಗೀಕರಿಸಿದ ಶಾಲೆಗಳಲ್ಲಿ ಮಾದರಿಗಳು ನೋಡಲು ಒರಟಾಗಿರುತ್ತವೆ, ಆದರೆ ಪ್ರಶ್ನೆ ಕೇಳಿದರೆ ಮಕ್ಕಳು ಉತ್ತರಿಸುತ್ತಾರೆ.

ಹವಾಮಾನ ಬದಲಾವಣೆಯ ಬಗ್ಗೆ ಹೇಳಿದರೆ ಮಕ್ಕಳು ಹೆದರುವುದಿಲ್ಲವೇ?

ಕೈಲಾಗದ ಸಂಗತಿಯನ್ನು ಮಾತ್ರ ಹೇಳಿದರೆ ಹೆದರುತ್ತಾರೆ. ಆದ್ದರಿಂದ ಪ್ರತಿ ಸಮಸ್ಯೆಯ ಜೊತೆಗೆ ಅದರ ಮೇಲೆ ಕೆಲಸ ಮಾಡುತ್ತಿರುವ, ಕಣ್ಣಿಗೆ ಕಾಣುವ ಒಂದು ಪ್ರಯತ್ನವನ್ನೂ ಇಡಬೇಕು. ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಇನ್ನಷ್ಟು ತಿಳಿಯಾಗಿ ಕೆರೆ ಸೇರುವುದನ್ನು ಮಕ್ಕಳಿಗೆ ತೋರಿಸಬಹುದು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸ್ಥಳೀಯರ ಪ್ರಯತ್ನದಿಂದ ಮರಳಿ ಜೀವ ಪಡೆದದ್ದು. ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಇವು ಸಮಾಧಾನದ ಮಾತುಗಳಲ್ಲ, ನಡೆದಿರುವ ಕೆಲಸ. ಇವುಗಳ ಕೊರತೆಗಳನ್ನೂ ಮರೆಮಾಚದೆ ಹೇಳಬೇಕು.

ಖರ್ಚು ಎಷ್ಟಾಗುತ್ತದೆ?

ಅಳತೆಯ ಪಾತ್ರೆ, ತಕ್ಕಡಿ, ನೋಟ್‌ಪುಸ್ತಕ. ಮಳೆನೀರು ಸಂಗ್ರಹದ ಕಾಮಗಾರಿಗೆ ಮಾತ್ರ ನಿಜವಾದ ಹಣ ಬೇಕಾಗುತ್ತದೆ. ಅದಕ್ಕೆ ಎಸ್‌ಡಿಎಂಸಿಯ ಮುಂದೆ ಮಕ್ಕಳ ಲೆಕ್ಕವನ್ನೇ ಇಡಿ.

ಮುಂದಾಳಾಗಿದ್ದ ಶಿಕ್ಷಕರಿಗೆ ವರ್ಗಾವಣೆಯಾದರೆ ಎಲ್ಲವೂ ನಿಂತುಹೋಗುತ್ತದೆ. ಇದಕ್ಕೆ ಉಪಾಯವೇನು?

ಇದು ನಾನು ಕಂಡ ಅತಿ ಸಾಮಾನ್ಯ ಸಾವು. ಒಬ್ಬರ ಉತ್ಸಾಹದ ಮೇಲೆ ನಿಂತದ್ದು ಅವರೊಡನೆಯೇ ಹೋಗುತ್ತದೆ. ಬದಲಾಯಿಸಿದ ಉದಾಹರಣೆಗಳನ್ನು ವೈಯಕ್ತಿಕ ಕಡತದಲ್ಲಿ ಇಟ್ಟುಕೊಳ್ಳದೆ ಶಾಲೆಯ ವಾರ್ಷಿಕ ಪಾಠ ಯೋಜನೆಯೊಳಗೇ ಬರೆದಿಡಬೇಕು. ಅಳತೆಯ ಪುಸ್ತಕವನ್ನು ಏಳನೆಯ ತರಗತಿಯವರು ಆರನೆಯವರಿಗೆ ವರ್ಷದ ಕೊನೆಯಲ್ಲಿ ಒಪ್ಪಿಸಬೇಕು. ಶಿಕ್ಷಕರು ಬದಲಾದರೂ ಆರನೆಯ ತರಗತಿ ಎಲ್ಲಿಗೂ ವರ್ಗವಾಗುವುದಿಲ್ಲ.

ಬೇಸಿಗೆ ರಜೆಯಲ್ಲಿ ಗಿಡಗಳಿಗೆ ನೀರು ಹಾಕುವವರು ಯಾರು?

ಬೇಸಿಗೆಯಲ್ಲಿ ಬದುಕದ ಗಿಡವನ್ನು ನೆಡದಿರುವುದು ಮೊದಲ ಉತ್ತರ. ಹೊಂಗೆ, ಬೇವು, ಅತ್ತಿಗಳು ಎರಡು ಬೇಸಿಗೆ ಕಳೆದರೆ ತಮ್ಮ ಪಾಡನ್ನು ತಾವೇ ನೋಡಿಕೊಳ್ಳುತ್ತವೆ; ತರಕಾರಿ ಮಡಿಯನ್ನು ಏಪ್ರಿಲಿಗೆ ಮೊದಲೇ ಕೊಯ್ದು, ಮಣ್ಣನ್ನು ತರಗೆಲೆಯಿಂದ ಮುಚ್ಚಿಡಬೇಕು. ಎರಡನೆಯದಾಗಿ, ಎಳೆಯ ಗಿಡಗಳ ಬುಡದಲ್ಲಿ ಸಣ್ಣ ಮಡಕೆ ಹೂತು, ತಳದ ರಂಧ್ರಕ್ಕೆ ಬಟ್ಟೆಯ ಬತ್ತಿ ಇಟ್ಟರೆ ಒಮ್ಮೆ ತುಂಬಿದ ನೀರು ಕೆಲವು ದಿನ ಬರುತ್ತದೆ. ತುಂಬುವ ಕೆಲಸಕ್ಕೆ ಶಾಲೆಯ ಹತ್ತಿರದಲ್ಲಿಯೇ ಮನೆಯಿರುವ ಮಕ್ಕಳ ಸರದಿಪಟ್ಟಿ ಮಾಡಿ, ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ರಜೆಯ ಹಿಂದಿನ ದಿನವೇ ತೀರ್ಮಾನಿಸಿ. ಗಿಡಗಳು ಸತ್ತದ್ದು ಬಹುತೇಕ ಆ ಬೀಗದಿಂದಲೇ.